ಖಾರ, ಘಾಟು, ಆಮ್ಲ: ರಾಸಾಯನಿಕ ತಾಗಿದಾಗ ನೋವು ಹುಟ್ಟುವುದು ಹೇಗೆ?

ಬಿಎಸ್ಸಿ_ಜೀವಶಾಸ್ತ್ರ

ಶರೀರಕ್ರಿಯಾಶಾಸ್ತ್ರದ ಪುಸ್ತಕಗಳಲ್ಲಿ "ಉದ್ರೇಕಕಾರಿ ರಾಸಾಯನಿಕಗಳು ನೋವಿನ ನರತುದಿಗಳನ್ನು ಪ್ರಚೋದಿಸುತ್ತವೆ" ಎಂದು ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಹೇಗೆ ಪ್ರಚೋದಿಸುತ್ತವೆ ಎಂಬುದೇ ಇರುವುದಿಲ್ಲ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಚರ್ಮವನ್ನು ಸುಡುವುದಿಲ್ಲ, ಆದರೂ ಸುಟ್ಟಂತೆಯೇ ಉರಿಯುವುದು ಯಾಕೆ? ಸಾಸಿವೆಯ ಘಾಟು, ಈರುಳ್ಳಿಯ ಅನಿಲ, ಫಾರ್ಮಾಲಿನ್, ಹೊಗೆ, ಇವುಗಳ ರಚನೆ ಒಂದಕ್ಕೊಂದು ಹೋಲುವುದೇ ಇಲ್ಲ. ಎಲ್ಲವೂ ಕಣ್ಣು ಮೂಗನ್ನು ಒಂದೇ ಥರ ಉರಿಸುವುದು ಹೇಗೆ? ಕೊನೆಯದು, ನೋವು ಹೆಚ್ಚಿದ್ದರೆ ಹಾನಿಯೂ ಹೆಚ್ಚು ಅಂತ ಲೆಕ್ಕ ಹಾಕಬಹುದಾ?

ಸಿ_ತಂತು

ಮೊದಲ ಪ್ರಶ್ನೆಯಿಂದ ಶುರು ಮಾಡ್ತೀನಿ.

ನೋವನ್ನು ಹಿಡಿಯುವ ನರಕೋಶಗಳ ತುದಿಗೆ ಯಾವ ಹೊದಿಕೆಯೂ ಇಲ್ಲ. ಚರ್ಮದಲ್ಲಿ, ಕಣ್ಣಿನ ಕಾರ್ನಿಯಾದಲ್ಲಿ, ಮೂಗಿನ ಒಳಪದರದಲ್ಲಿ ಅವು ಬೆತ್ತಲೆ ಎಳೆಗಳಾಗಿ ಹರಡಿಕೊಂಡಿರುತ್ತವೆ. ಕೋಶದ ಒಡಲು ಮಾತ್ರ ದೂರದಲ್ಲಿದೆ. ಮೈಕೈಗಳದ್ದು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ, ಮುಖ, ಕಣ್ಣು, ಮೂಗಿನದ್ದು ತಲೆಬುರುಡೆಯೊಳಗಿನ ಟ್ರೈಜೆಮಿನಲ್ ಗಂಟಿನಲ್ಲಿ. ಈ ಬೆತ್ತಲೆ ತುದಿಗಳ ಪೊರೆಯಲ್ಲಿ ಕೂತಿರುವ ಅಯಾನ್ ಚಾನೆಲ್‌ಗಳೇ (ವಿದ್ಯುದಂಶ ಹೊತ್ತ ಕಣಗಳನ್ನು ದಾಟಿಸುವ ಪ್ರೋಟೀನ್ ಬಾಗಿಲುಗಳು) ರಾಸಾಯನಿಕವನ್ನು ಗುರುತಿಸುವುದು.

ಕ್ಯಾಪ್ಸೈಸಿನ್ ಗುರುತಿಸುವ ಚಾನೆಲ್‌ನ ಹೆಸರು ಟಿಆರ್‌ಪಿವಿ1. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಇದರ ಜೀನನ್ನು ಬೇರ್ಪಡಿಸಿತು. ಇದೇ ಚಾನೆಲ್ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆದುಕೊಳ್ಳುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬಿಸಿ ತಾಗಿದರೂ ಕ್ಯಾಪ್ಸೈಸಿನ್ ತಾಗಿದರೂ ತೆರೆಯುವ ಚಾನೆಲ್ ಒಂದೇ, ಹೊರಡುವ ನರಸಂಕೇತವೂ ಒಂದೇ. ಎರಡನ್ನೂ ಬೇರೆ ಮಾಡಿ ನೋಡಲು ಮಿದುಳಿಗೆ ದಾರಿಯಿಲ್ಲ, "ಸುಡುತ್ತಿದೆ" ಎಂದೇ ಓದಿಕೊಳ್ಳುತ್ತದೆ. ಈ ಸಾಲಿನ ಕೆಲಸಕ್ಕೆ ಜೂಲಿಯಸ್ ಅವರಿಗೂ ಸ್ಪರ್ಶದ ಚಾನೆಲ್‌ಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ 2021ರ ನೊಬೆಲ್ ಬಂತು.

ಕ್ಯಾಪ್ಸೈಸಿನ್ ಈ ಚಾನೆಲ್ಲನ್ನು ಹೊರಗಿನಿಂದ ಹಿಡಿಯುವುದಿಲ್ಲ. ಅದು ಕೊಬ್ಬಿನಲ್ಲಿ ಕರಗುವ ಅಣು. ಮೊದಲು ಕೋಶಪೊರೆಯೊಳಗೆ ಇಳಿದು, ಪೊರೆಯ ದಪ್ಪದೊಳಗೇ ಚಾನೆಲ್‌ನ ಪಕ್ಕದಲ್ಲಿರುವ ಒಂದು ಗೂಡಿಗೆ ಸೇರುತ್ತದೆ. ಉರಿ ತಾಗಿದ ಕ್ಷಣಕ್ಕೇ ಪೂರ್ತಿಯಾಗಿ ಏರದೆ ನಿಧಾನವಾಗಿ ಏರುವುದಕ್ಕೂ, ನೀರು ಹಾಕಿದ ಕೂಡಲೇ ಹೋಗದಿರುವುದಕ್ಕೂ ಇದು ದೊಡ್ಡ ಕಾರಣ. ಹಕ್ಕಿಗಳಲ್ಲೂ ಟಿಆರ್‌ಪಿವಿ1 ಇದೆ, ಬಿಸಿಗೆ ತೆರೆಯುತ್ತದೆ. ಆ ಗೂಡಿನ ಸುತ್ತಲ ಅಮೈನೋ ಆಮ್ಲಗಳು ಮಾತ್ರ ಬೇರೆ. ಹಾಗಾಗಿ ಅವುಗಳಿಗೆ ಖಾರ ತಟ್ಟುವುದೇ ಇಲ್ಲ.

ಚಾನೆಲ್ ತೆರೆದ ಮೇಲೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿ ಪೊರೆಯ ವೋಲ್ಟೇಜ್ ಏರುತ್ತದೆ. ಆ ಏರಿಕೆ ಚಿಕ್ಕದಿದ್ದರೂ ಎನ್‌ಎವಿ1.7 ಎಂಬ ಸೋಡಿಯಂ ಚಾನೆಲ್ ಅದನ್ನು ಹಿಗ್ಗಿಸುತ್ತದೆ, ನರಸಂಕೇತ ಹೊರಡುತ್ತದೆ. ಹುಟ್ಟಿನಿಂದಲೇ ಈ 1.7 ಕೆಲಸ ಮಾಡದವರಿಗೆ ನೋವೆಂಬುದೇ ಗೊತ್ತಾಗುವುದಿಲ್ಲ. ಇದು 2006ರಲ್ಲಿ ಖಚಿತವಾಯಿತು.

ಸಂಕೇತ ಹೋಗುವ ತಂತು ಎರಡು ಬಗೆಯದು. ಮಯಲಿನ್ ಎಂಬ ಕೊಬ್ಬಿನ ತೆಳು ಹೊದಿಕೆಯ ಎ-ಡೆಲ್ಟಾ ತಂತು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ಓಡುತ್ತದೆ. ಹೊದಿಕೆಯಿಲ್ಲದ ಸಿ ತಂತುವಿನ ವೇಗ 0.5ರಿಂದ 2 ಮೀಟರ್ ಅಷ್ಟೇ. ಪಾದದ ಮೇಲೆ ಬಿದ್ದ ರಾಸಾಯನಿಕದ ಸುದ್ದಿ ಸಿ ತಂತುವಿನಲ್ಲಿ ಬೆನ್ನುಹುರಿ ಮುಟ್ಟಲು ಹೆಚ್ಚು ಕಡಿಮೆ ಒಂದು ಸೆಕೆಂಡ್ ಬೇಕು. ಕ್ಯಾಪ್ಸೈಸಿನ್ ಮುಖ್ಯವಾಗಿ ಮುಟ್ಟುವುದು ಸಿ ತಂತುಗಳನ್ನು. ಆ ಉರಿಗೆ ಚುಚ್ಚಿದ ಹಾಗಿನ ಚುರುಕಿಲ್ಲ, ನಿಧಾನಕ್ಕೆ ಹಬ್ಬಿ ಹೊತ್ತುಗಟ್ಟಲೆ ನಿಲ್ಲುತ್ತದೆ.

ಕೆಮಿಸ್ಟ್ರಿ_ಮೇಷ್ಟ್ರು

ಎರಡನೆಯ ಪ್ರಶ್ನೆ ನನಗೆ ಬಿಡಿ ಸರ್, ಅದು ರಸಾಯನಶಾಸ್ತ್ರದ್ದು.

ಸಾಸಿವೆಯ ಘಾಟು, ಅಂದರೆ ಅಲೈಲ್ ಐಸೋಥಯೋಸಯನೇಟ್. ಹೊಗೆಯಲ್ಲಿರುವ ಅಕ್ರೋಲೀನ್. ಫಾರ್ಮಾಲಿನ್‌ನ ಫಾರ್ಮಾಲ್ಡಿಹೈಡ್. ಸಿಎಸ್ ಅಶ್ರುವಾಯು. ಈರುಳ್ಳಿಯ ಪ್ರೋಪೇನ್‌ಥಯಾಲ್-ಎಸ್-ಆಕ್ಸೈಡ್. ಆಕಾರದಲ್ಲಿ ಯಾವ ಹೋಲಿಕೆಯೂ ಇಲ್ಲದ ಇವೆಲ್ಲ ತೆರೆಯುವುದು ಒಂದೇ ಚಾನೆಲ್ಲನ್ನು, ಟಿಆರ್‌ಪಿಎ1. ಮುಂದೆ ಚುಟುಕಾಗಿ ವಿ1, ಎ1 ಎನ್ನುತ್ತೇನೆ.

ಕೀಲಿ ಬೀಗದ ಹೋಲಿಕೆ ಕ್ಯಾಪ್ಸೈಸಿನ್-ವಿ1 ಜೋಡಿಗೆ ಸರಿ, ಎ1ಗೆ ಸಲ್ಲದು. ಎ1 ಅಣುವಿನ ಆಕಾರ ನೋಡುವುದಿಲ್ಲ, ಅದರ ಪ್ರತಿಕ್ರಿಯಾಶೀಲತೆ ನೋಡುತ್ತದೆ. ಮೇಲೆ ಹೇಳಿದವೆಲ್ಲ ಎಲೆಕ್ಟ್ರೋಫೈಲ್‌ಗಳು, ಎಲೆಕ್ಟ್ರಾನ್ ಕೊರತೆಯ ಒಂದು ಕಾರ್ಬನ್ ಅಥವಾ ಗಂಧಕವನ್ನು ಹೊತ್ತವು. ಎ1 ಪ್ರೋಟೀನಿನಲ್ಲಿ ಕೋಶದ ಒಳಭಾಗಕ್ಕೆ ಚಾಚಿರುವ ಕಡೆ ಸಿಸ್ಟೀನ್ ಎಂಬ, ಗಂಧಕವಿರುವ ಕೆಲವು ಅಮೈನೋ ಆಮ್ಲಗಳಿವೆ. ಮಾನವನ ಎ1ನಲ್ಲಿ 621ನೇ ಸ್ಥಾನದ್ದು ಬಹಳ ಚುರುಕು. ಅದರ ಗಂಧಕ ನೇರವಾಗಿ ಹೋಗಿ ಐಸೋಥಯೋಸಯನೇಟಿನ ನಡುವಿನ ಕಾರ್ಬನ್ನಿಗೆ ಕೋವೇಲೆಂಟ್ ಬಂಧ (ಎಲೆಕ್ಟ್ರಾನ್ ಹಂಚಿಕೊಳ್ಳುವ ಗಟ್ಟಿ ಬಂಧ) ಹಾಕುತ್ತದೆ. ಪ್ರೋಟೀನಿನ ಆ ಭಾಗ ಮಡಚಿಕೊಂಡು ಚಾನೆಲ್ ತೆರೆದುಬಿಡುತ್ತದೆ. ಸಿಸ್ಟೀನ್‌ಗಳನ್ನು ಬದಲಿಸಿದರೆ ಎ1 ಈ ಅಣುಗಳಿಗೆ ಬಹುಮಟ್ಟಿಗೆ ಕಿವುಡಾಗುತ್ತದೆ ಎಂಬುದನ್ನು 2006-07ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಅದಕ್ಕೂ ಸ್ವಲ್ಪ ಮೊದಲೇ ಎ1 ಇಲ್ಲದ ಇಲಿಗಳಿಗೆ ಸಾಸಿವೆಯ ಈ ಘಾಟೂ ಅಕ್ರೋಲೀನ್ ಕೂಡ ಬಹುತೇಕ ತಟ್ಟುವುದಿಲ್ಲ ಎಂಬುದು ಗೊತ್ತಾಗಿತ್ತು.

ನನಗೆ ಬಹಳ ಅರ್ಥಪೂರ್ಣವಾಗಿ ಕಾಣುವ ಸಂಗತಿ ಇದೇ. ಎಲೆಕ್ಟ್ರೋಫೈಲ್‌ಗಳು ಕೋಶದ ಯಾವ ಪ್ರೋಟೀನಿಗೂ, ಡಿಎನ್‌ಎಗೂ ಅಂಟಿ ಕೆಡಿಸಬಲ್ಲವು. ನಾಳೆ ಯಾವ ಹೊಸ ಅಣು ಬಂದೀತೆಂದು ದೇಹಕ್ಕೆ ತಿಳಿಯದು. ಆಕಾರ ನೋಡಿ ಗುರುತಿಸುವುದಾದರೆ ಪ್ರತಿಯೊಂದಕ್ಕೂ ಬೇರೆ ರಿಸೆಪ್ಟರ್ ಬೇಕಾಗುತ್ತಿತ್ತು. ಹಾನಿ ಮಾಡುವ ರಾಸಾಯನಿಕ ಗುಣವನ್ನೇ ಎ1 ಹಿಡಿಯುವುದರಿಂದ, ಪ್ರಕೃತಿಯಲ್ಲಿ ಎಂದೂ ಇಲ್ಲದ ಸಿಎಸ್ ಅಶ್ರುವಾಯುವಿಗೂ ಅದು ಮೊದಲ ಸಲವೇ ಎಚ್ಚರಗೊಳ್ಳುತ್ತದೆ. ಬ್ಲೀಚಿಂಗ್ ದ್ರಾವಣದ ಹೈಪೋಕ್ಲೋರೈಟ್, ಹೈಡ್ರೋಜನ್ ಪೆರಾಕ್ಸೈಡ್, ಪಾಲಿಯುರೆಥೇನ್ ಕೆಲಸದಲ್ಲಿ ಬರುವ ಐಸೋಸಯನೇಟ್‌ಗಳು, 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್, ಎಲ್ಲವೂ ಎ1 ತೆರೆಯುತ್ತವೆ.

ಬಂಧ ಕೋವೇಲೆಂಟ್ ಆದ್ದರಿಂದ ಗಾಳಿ ಶುದ್ಧವಾದ ಮೇಲೂ ಉರಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಎಷ್ಟು ಹೊತ್ತು ಎನ್ನುವುದು ಆ ಬಂಧ ಬಿಡುವ ಬಗೆಯ ಮೇಲಿದೆ. ಅಲೈಲ್ ಐಸೋಥಯೋಸಯನೇಟ್, ಸಿನ್ನಮಾಲ್ಡಿಹೈಡ್‌ಗಳ ಬಂಧ ಹಿಂತಿರುಗಬಲ್ಲದು. ಅಯಡೋಅಸಿಟಮೈಡಿನದು ಬಿಡುವುದೇ ಇಲ್ಲ. ಕೋಶದೊಳಗೆ 1ರಿಂದ 10 ಮಿಲಿಮೋಲಾರ್ ಗ್ಲುಟಥಯೋನ್ ಎಂಬ ರಕ್ಷಕ ಅಣು ಇರುತ್ತದೆ. ಅದು ತನ್ನ ಗಂಧಕವನ್ನು ಒಡ್ಡಿ ಬಂದ ಎಲೆಕ್ಟ್ರೋಫೈಲನ್ನು ತಾನೇ ಹಿಡಿದುಕೊಳ್ಳುತ್ತದೆ. ಆ ದಾಸ್ತಾನು ಬರಿದಾದ ಮೇಲೆ ಅದೇ ಪ್ರಮಾಣ ಹೆಚ್ಚು ಉರಿಸುತ್ತದೆ, ಹೆಚ್ಚು ಕೆಡಿಸುತ್ತದೆ.

ಶಿಫ್ಟ್_ಸೇಫ್ಟಿ

ಮೇಷ್ಟ್ರೇ, ಒಂದು ಸೇರಿಸಬೇಕು. ಪೆಪ್ಪರ್ ಸ್ಪ್ರೇ ಮತ್ತು ಅಶ್ರುವಾಯು ಎರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಪೆಪ್ಪರ್ ಸ್ಪ್ರೇ ಎಣ್ಣೆಯಂಥ ಮೆಣಸಿನಕಾಯಿ ಸಾರ, ವಿ1 ಮೇಲೆ ಕೆಲಸ. ಸಿಎಸ್ ಹೆಸರಿಗೆ ವಾಯು, ನಿಜಕ್ಕೂ ಗಟ್ಟಿ ಪದಾರ್ಥದ ನುಣ್ಣನೆ ಪುಡಿ, ಎ1 ಮೇಲೆ ಕೆಲಸ. ಸಿಎಸ್ ಪುಡಿ ಬಟ್ಟೆ, ಕೂದಲಲ್ಲಿ ಕೂರುತ್ತದೆ. ಮೊದಲು ಗಾಳಿಗೆ ಎದುರಾಗಿ ನಿಂತು ಕೊಡವಿ, ಬಟ್ಟೆ ಬಿಚ್ಚಿ, ಆಮೇಲೆ ನೀರು. ತಲೆಯ ಮೇಲಿಂದ ಬಟ್ಟೆ ಎಳೆದರೆ ಪುಡಿಯೆಲ್ಲ ಮುಖಕ್ಕೆ ಬರುತ್ತದೆ, ಕತ್ತರಿಸಿ ತೆಗೆಯಿರಿ. ತೆಗೆದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ. ಇಲ್ಲದಿದ್ದರೆ ಅದೇ ಕೋಣೆಯಲ್ಲಿ ಇನ್ನಿಬ್ಬರಿಗೆ ಕಣ್ಣುರಿ ಗ್ಯಾರಂಟಿ.

ಅರ್ಚನಾ_ಬಯೋ

ಪೆಪ್ಪರ್ ಸ್ಪ್ರೇಗೆ ಹಾಲು ಹಾಕಿ ತೊಳೆದರೆ ಬೇಗ ಹೋಗುತ್ತದೆ ಅಂತ ಎಲ್ಲ ಕಡೆ ಓದುತ್ತೇವೆ. ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುತ್ತದೆ, ಹಾಲಿನ ಕೇಸೀನ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾದರೆ ಸರಿಯೇ ಅಲ್ಲವೆ?

ಶಿಫ್ಟ್_ಸೇಫ್ಟಿ

ಬಾಯಲ್ಲಿ ಸರಿ ಮೇಡಂ. ಅಲ್ಲಿ ಹಾಲು ಹೊರಳಾಡುತ್ತದೆ, ಇನ್ನೂ ಒಳಗಿಳಿಯದ ಕ್ಯಾಪ್ಸೈಸಿನ್ನನ್ನು ಎಳೆದುಕೊಳ್ಳುತ್ತದೆ. ಮುಖದ ಚರ್ಮದಲ್ಲಿ ಹಾಗಲ್ಲ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನೀರು, ಹಾಲು, ಆಂಟಾಸಿಡ್ ದ್ರವ, ಮಕ್ಕಳ ಶಾಂಪೂ, ಮರಗಟ್ಟಿಸುವ ಲಿಗ್ನೊಕೇನ್ ಜೆಲ್ ಐದನ್ನೂ ಹೋಲಿಸಿದರು. ನೋವು ಇಳಿಯುವುದರಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಇಳಿಸಿದ್ದು ಕಾಲವೇ. ಪೊರೆಯೊಳಗೆ ಆಗಲೇ ಕೂತ ಅಣುವನ್ನು ಮೇಲಿನಿಂದ ಸುರಿದದ್ದು ಎಳೆಯಲಾರದು. ಅದರ ಮೇಲೆ ಹಾಲು ಶುದ್ಧೀಕರಿಸಿದ ದ್ರವವಲ್ಲ, ಕಣ್ಣಿಗೆ ಹಾಕಬಾರದು.

ಸರಿಯಾದ ಕ್ರಮ ಹೀಗೆ. ಕೈಯಿಂದ ಉಜ್ಜಬೇಡಿ, ಉಜ್ಜಿದರೆ ಎಣ್ಣೆ ಹರಡುತ್ತದೆ. ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಒರೆಸಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಶುದ್ಧ ಕೈಯವರು ತೆಗೆಯಲಿ, ಅದನ್ನು ಮತ್ತೆ ಬಳಸಬಾರದು. ಧಾರಾಳ ತಣ್ಣೀರು, ತಲೆ ಮುಂದಕ್ಕೆ ಬಾಗಿಸಿ. ಚರ್ಮಕ್ಕೆ ಸೋಪು ಹಚ್ಚಿ ತೊಳೆಯಬಹುದು, ಕಣ್ಣಿಗೆ ನೀರು ಅಥವಾ ಸಲೈನ್ ಮಾತ್ರ. ಬಿಸಿನೀರು ಬೇಡವೇ ಬೇಡ, ಕ್ಯಾಪ್ಸೈಸಿನ್ ಕೂತ ಚಾನೆಲ್‌ಗೆ ಬಿಸಿಯೂ ಸೇರಿದರೆ ಉರಿ ದುಪ್ಪಟ್ಟಾದಂತೆ ಅನ್ನಿಸುತ್ತದೆ.

ಸಿ_ತಂತು

ಬಿಸಿನೀರಿನ ಮಾತು ಬಂದಿತಲ್ಲ, ಅದರ ಕಾರಣ ಹೇಳಿಬಿಡ್ತೀನಿ. ವಿ1ಗೆ 43 ಡಿಗ್ರಿ ಎಂಬುದು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಕ್ಯಾಪ್ಸೈಸಿನ್, ಆಮ್ಲ, ಆಲ್ಕೋಹಾಲ್ ಯಾವುದು ಜೊತೆಗಿದ್ದರೂ ಆ ಗೆರೆ ಕೆಳಗಿಳಿಯುತ್ತದೆ. ಎಥನಾಲ್ ಇದ್ದಾಗ ಅದು ಸುಮಾರು 34 ಡಿಗ್ರಿಗೆ ಬರುತ್ತದೆ ಎಂದು 2002ರಲ್ಲಿ ಅಳೆದು ತೋರಿಸಿದ್ದಾರೆ. ನಮ್ಮ ಮೈಯ ಬಿಸಿಯೇ 37. ಗಾಯಕ್ಕೆ ಸ್ಪಿರಿಟ್ ಹಾಕಿದಾಗ ಉರಿಯುವುದು ಇದರಿಂದ. ಚಾನೆಲ್ ತನ್ನದೇ ಮೈಬಿಸಿಯನ್ನು ಸುಡುವ ಬಿಸಿ ಎಂದು ಸಾರುತ್ತದೆ.

ಉರಿಯೂತದಲ್ಲಿ ನಡೆಯುವುದೂ ಇದೇ. ಪೆಟ್ಟಾದ ಕೋಶಗಳಿಂದ, ರಕ್ತದಿಂದ ಬ್ರಾಡಿಕೈನಿನ್, ಪ್ರೋಸ್ಟಗ್ಲಾಂಡಿನ್ ಇ2, ನರಬೆಳವಣಿಗೆ ಅಂಶ ಎಲ್ಲ ಬಂದು ಸೇರುತ್ತವೆ. ಬ್ರಾಡಿಕೈನಿನ್ ತನ್ನ ಬಿ2 ರಿಸೆಪ್ಟರ್ ಮೂಲಕ ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವವನ್ನು ಎಬ್ಬಿಸಿ ವಿ1, ಎ1 ಎರಡನ್ನೂ ಸಡಿಲಗೊಳಿಸುತ್ತದೆ. ಪ್ರೋಸ್ಟಗ್ಲಾಂಡಿನ್ ಕೋಶದೊಳಗಿನ ಸೈಕ್ಲಿಕ್ ಎಎಂಪಿ ಏರಿಸಿ ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವದ ಮೂಲಕ ಚಾನೆಲ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಆಸ್ಪಿರಿನ್ ಗುಂಪಿನ ಮಾತ್ರೆಗಳು ಪ್ರೋಸ್ಟಗ್ಲಾಂಡಿನ್ ತಯಾರಿಯನ್ನು ತಡೆಯುತ್ತವೆ, ಇದನ್ನು 1971ರಲ್ಲಿ ಜಾನ್ ವೇನ್ ತೋರಿಸಿದರು. ರಾಸಾಯನಿಕ ತಾಗಿದ ಮೊದಲ ನಿಮಿಷದ ಉರಿಗೆ ಆ ಮಾತ್ರೆ ನಾಟುವುದಿಲ್ಲ, ನಾಲ್ಕಾರು ಗಂಟೆ ಬಳಿಕ ಮುಟ್ಟಿದರೆ ನೋಯುವ ಹಂತಕ್ಕೆ ನಾಟುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಇಲ್ಲೇ ಇದೆ.

ಮತ್ತೊಂದು. ನರತುದಿ ಸುದ್ದಿ ಕಳಿಸಿ ಸುಮ್ಮನಿರುವುದಿಲ್ಲ. ಕ್ಯಾಲ್ಸಿಯಂ ಒಳಬಂದಾಗ ತುದಿಯಿಂದಲೇ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಎಂಬ ಪೆಪ್ಟೈಡ್‌ಗಳು ಹೊರಬೀಳುತ್ತವೆ. ರಕ್ತನಾಳ ಹಿಗ್ಗುತ್ತದೆ, ಪ್ಲಾಸ್ಮಾ ಸೋರುತ್ತದೆ. ಕ್ಯಾಪ್ಸೈಸಿನ್ ಹಚ್ಚಿದ ಜಾಗಕ್ಕಿಂತ ದೊಡ್ಡ ಸುತ್ತಳತೆಯಲ್ಲಿ ಕೆಂಪು ಹರಡುವುದನ್ನು ಬರಿಗಣ್ಣಿಗೆ ನೋಡಬಹುದು. ಅಂಗಾಂಶ ಸುಡದೇ ಇದ್ದರೂ ಆ ಕೆಂಪು, ಊತ ನಿಜವಾದದ್ದೇ.

ಬಿಎಸ್ಸಿ_ಜೀವಶಾಸ್ತ್ರ

ಆಮ್ಲ ತಾಗಿದಾಗ ನೋಯುವುದೂ ವಿ1ರಿಂದಲೇ? ಕ್ಷಾರದ್ದು?

ಕೆಮಿಸ್ಟ್ರಿ_ಮೇಷ್ಟ್ರು

ಭಾಗಶಃ. ಪಿಎಚ್ 7.4ರಿಂದ ಸ್ವಲ್ಪ ಇಳಿದರೂ ಆಸಿಕ್ ಎಂಬ ಸೋಡಿಯಂ ಚಾನೆಲ್‌ಗಳು ಪ್ರತಿಕ್ರಿಯಿಸುತ್ತವೆ. ಅವುಗಳಲ್ಲಿ ಆಸಿಕ್3 ಪಿಎಚ್ 7ರ ಆಸುಪಾಸಿನಲ್ಲೇ ತೆರೆಯುತ್ತದೆ, ರಕ್ತ ಸಾಲದೆ ಸ್ನಾಯು ನೋಯುವಾಗ ಇದರ ಕೆಲಸ ಮುಖ್ಯ. ಪಿಎಚ್ ಸುಮಾರು 6ಕ್ಕಿಂತ ಕೆಳಗೆ ಹೋದರೆ ವಿ1 ತಾನಾಗಿಯೇ ತೆರೆಯುತ್ತದೆ.

ಒಂದೇ ಪಿಎಚ್‌ನ ಅಸಿಟಿಕ್ ಆಮ್ಲವೂ ಹೈಡ್ರೋಕ್ಲೋರಿಕ್ ಆಮ್ಲವೂ ಒಂದೇ ಥರ ಚುರುಗುಟ್ಟುವುದಿಲ್ಲ, ಅಸಿಟಿಕ್ ಹೆಚ್ಚು. ದುರ್ಬಲ ಆಮ್ಲದ ಅಣು ಒಡೆಯದೆ ಪೊರೆ ದಾಟಿ ಒಳಗೆ ಹೋಗಿ ಅಲ್ಲಿ ಪ್ರೋಟಾನ್ ಬಿಡುತ್ತದೆ. ಎ1 ಕೋಶದೊಳಗಿನ ಆಮ್ಲೀಯತೆಗೆ ತೆರೆಯುತ್ತದೆ. ಇಂಗಾಲದ ಡೈಆಕ್ಸೈಡ್ ಮೂಗಿಗೆ ಚುಚ್ಚುವುದೂ ಇದೇ ದಾರಿಯಲ್ಲಿ. ಅಮೋನಿಯಾ ಒಳಹೊಕ್ಕು ಕ್ಷಾರೀಯತೆ ಏರಿಸಿದರೂ ಎ1 ತೆರೆಯುತ್ತದೆ.

ಶಿಫ್ಟ್_ಸೇಫ್ಟಿ

ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ನೋವಿನ ಅಳತೆಯಿಂದ ಹಾನಿಯ ಅಳತೆ ಮಾಡಬಾರದು. ಚಾನೆಲ್ ತೆರೆಯುವುದು ಒಂದು ಘಟನೆ, ಅಂಗಾಂಶ ಸಾಯುವುದು ಇನ್ನೊಂದು. ಕ್ಯಾಪ್ಸೈಸಿನ್ನಿನಲ್ಲಿ ಮೊದಲನೆಯದು ಭರ್ತಿ, ಎರಡನೆಯದು ಬಹುತೇಕ ಇಲ್ಲ. ತಿರುಗುಮುರುಗಾದವು ಕೊಲ್ಲುತ್ತವೆ.

ಹೈಡ್ರೋಫ್ಲೋರಿಕ್ ಆಮ್ಲ ತೆಗೆದುಕೊಳ್ಳಿ. ಸಾಂದ್ರತೆ 50 ಶೇಕಡಾ ಮೀರಿದ್ದರೆ ನೋವು ತಕ್ಷಣ. 20ರಿಂದ 50ರ ನಡುವೆ ಇದ್ದರೆ 1ರಿಂದ 8 ಗಂಟೆ ತಡವಾಗಿ. 20ಕ್ಕಿಂತ ಕಡಿಮೆಯದ್ದು ಒಂದು ಇಡೀ ದಿನದವರೆಗೂ ಸುಮ್ಮನಿರಬಹುದು. ಆ ಹೊತ್ತಿಗೆ ಫ್ಲೋರೈಡ್ ಚರ್ಮ ದಾಟಿ ಆಳಕ್ಕೆ ಇಳಿದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕಟ್ಟಿಹಾಕಿರುತ್ತದೆ. ಸ್ಥಳದಲ್ಲಿ ಪೊಟ್ಯಾಸಿಯಂ ಹೊರಸೋರಿ ನರತುದಿ ಕೆರಳುವುದರಿಂದ ನೋವು ಶುರುವಾದ ಮೇಲೆ ಸಹಿಸಲಾಗದಷ್ಟಿರುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದರೆ ಹೃದಯದ ಲಯ ತಪ್ಪುತ್ತದೆ. ಹಾಗಾಗಿ ನಿಯಮ ಒಂದೇ, ತಾಗಿದೆ ಎಂಬ ಅನುಮಾನ ಬಂದರೆ ನೋವಿಗಾಗಿ ಕಾಯಬಾರದು. ಬಟ್ಟೆ ತೆಗೆದು ನೀರಿನಲ್ಲಿ 5 ನಿಮಿಷ ತೊಳೆದು, ಕೂಡಲೇ 2.5 ಶೇಕಡಾ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಗ್ಲೌಸ್ ಹಾಕಿದ ಕೈಯಿಂದ ತಿಕ್ಕುತ್ತಲೇ ಇರಬೇಕು. ಜೆಲ್ ಇಲ್ಲದಿದ್ದರೆ ನೀರು ನಿಲ್ಲಿಸದೆ ಆಸ್ಪತ್ರೆಯ ವ್ಯವಸ್ಥೆ ಮಾಡಬೇಕು. ಜೆಲ್ ಇದ್ದರೂ ಆಸ್ಪತ್ರೆ ತಪ್ಪಿದ್ದಲ್ಲ.

ಫೀನಾಲ್ ಇನ್ನೂ ಮೋಸದ್ದು. ಮೊದಲು ಚುರುಕ್ ಎನ್ನುತ್ತದೆ, ಆಮೇಲೆ ಚರ್ಮ ಬೆಳ್ಳಗಾಗಿ ಜೋಮು ಹಿಡಿಯುತ್ತದೆ. ನರವನ್ನೇ ಮರಗಟ್ಟಿಸುತ್ತದೆ. "ನೋವು ಹೋಯ್ತು, ಬಿಡು" ಎಂದು ಕೂತವರಿಗೆ ಚರ್ಮದ ಮೂಲಕ ವಿಷ ಒಳಗೆ ಏರುತ್ತಿರುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ 300 ಅಥವಾ 400ರಲ್ಲಿ ನೆನೆಸಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಬೇಕು, ಪ್ರತಿ ಸಲ ಹೊಸ ಬಟ್ಟೆ. ಅದಿಲ್ಲದಿದ್ದರೆ ಶವರಿನ ಜೋರು ನೀರೇ ಬೇಕು. ಚೊಂಬಿನಲ್ಲಿ ಸ್ವಲ್ಪ ಸ್ವಲ್ಪ ಸುರಿದರೆ ಅದು ತೆಳುವಾಗಿ ಹೆಚ್ಚು ಜಾಗಕ್ಕೆ ಹರಡಿ ಇನ್ನಷ್ಟು ಒಳಗೆ ಹೋಗುತ್ತದೆ.

ಕಣ್ಣಿಗೆ ಕ್ಷಾರ ಬಿದ್ದದ್ದೂ ಇದೇ ಸಾಲಿನದು. ಆಮ್ಲ ಪ್ರೋಟೀನನ್ನು ಹೆಪ್ಪುಗಟ್ಟಿಸಿ ತನ್ನ ದಾರಿ ತಾನೇ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಕ್ಷಾರ ಪೊರೆಯ ಕೊಬ್ಬನ್ನು ಸಾಬೂನಾಗಿಸಿ ಒಳಗೆ ಇಳಿಯುತ್ತಲೇ ಹೋಗುತ್ತದೆ, ಕಾರ್ನಿಯಾದ ನರಗಳೇ ಸತ್ತರೆ ನೋವು ತಗ್ಗುತ್ತದೆ. ಐವಾಷ್ (ಕಣ್ಣು ತೊಳೆಯುವ ನೀರಿನ ಸಾಧನ) ನಿಮಿಷಕ್ಕೆ ಕನಿಷ್ಠ 1.5 ಲೀಟರ್ ಕೊಡಬೇಕು, ನೀರು 16ರಿಂದ 38 ಡಿಗ್ರಿ, ಕನಿಷ್ಠ 15 ನಿಮಿಷ, ಕ್ಷಾರಕ್ಕೆ ಅದಕ್ಕೂ ಹೆಚ್ಚು. ನೀರು ತೀರ ತಣ್ಣಗಿದ್ದರೆ ಯಾರೂ 15 ನಿಮಿಷ ನಿಲ್ಲುವುದಿಲ್ಲ, ಎರಡೇ ನಿಮಿಷಕ್ಕೆ ತಲೆ ಎತ್ತಿಬಿಡುತ್ತಾರೆ. ಅದಕ್ಕೇ ಈ ಉಷ್ಣತೆಯ ನಿಯಮ. ರೆಪ್ಪೆ ಎರಡೂ ಬೆರಳಲ್ಲಿ ಬಿಡಿಸಿ ಹಿಡಿಯಬೇಕು, ಸುಣ್ಣದ ಕಣವಿದ್ದರೆ ಮೇಲ್ರೆಪ್ಪೆ ಮಗುಚಿ ತೆಗೆಯಬೇಕು. ನಿಲ್ಲಿಸಿ 5-10 ನಿಮಿಷ ಬಿಟ್ಟು ಕೆಳರೆಪ್ಪೆಯೊಳಗೆ ಪಿಎಚ್ ಪಟ್ಟಿ ಮುಟ್ಟಿಸಿ ನೋಡಬೇಕು, 7ರಿಂದ 7.5 ಬಂದು ನಿಲ್ಲುವವರೆಗೂ ತೊಳೆಯಬೇಕು. ಆಮ್ಲ ಹಾಕಿ ಕ್ಷಾರವನ್ನು ಶಮನ ಮಾಡಲು ಹೋಗಬೇಡಿ, ಹುಟ್ಟುವ ಬಿಸಿ ಬೇರೆ ಸುಡುತ್ತದೆ.

ಅರಿವಳಿಕೆ_ಡಾಕ್ಟರ್

ಸೇಫ್ಟಿಯವರ ಮಾತಿಗೆ ಒಂದು ಅಡಿಗೆರೆ. ಹೈಡ್ರೋಫ್ಲೋರಿಕ್ ಗಾಯದಲ್ಲಿ ಬೆರಳಿಗೆ ಲೋಕಲ್ ಅನಸ್ತೇಸಿಯಾ ಕೊಡಲು ಕೈ ತಡೆಯಬೇಕು. ಅಲ್ಲಿ ನೋವು ಇಳಿಯುವುದೇ ಕ್ಯಾಲ್ಸಿಯಂ ಸಾಕಷ್ಟು ತಲುಪಿತು ಎಂಬುದರ ಗುರುತು. ಅದನ್ನು ಅಳಿಸಿದರೆ ಚಿಕಿತ್ಸೆ ಎಲ್ಲಿಗೆ ಮುಟ್ಟಿತೆಂದು ತಿಳಿಯುವುದಿಲ್ಲ. ನೋವು ನಿಂತ ಮೇಲೂ ಜೆಲ್ ಇನ್ನೂ 15 ನಿಮಿಷ ಮುಂದುವರಿಯಲಿ.

ಇನ್ನು, ಖಾರವನ್ನೇ ಔಷಧ ಮಾಡಿಕೊಂಡಿದ್ದೇವೆ. ವಿ1 ಬಹಳ ಹೊತ್ತು ತೆರೆದಿದ್ದರೆ ಒಳಗೆ ಕ್ಯಾಲ್ಸಿಯಂ ತುಂಬಿ ಮೊದಲು ಚಾನೆಲ್ ಮಂಕಾಗುತ್ತದೆ, ಪ್ರಮಾಣ ಜಾಸ್ತಿಯಾದರೆ ಚರ್ಮದ ನರತುದಿಗಳೇ ಹಿಂದಕ್ಕೆ ಸರಿಯುತ್ತವೆ. ಹಂಗೇರಿಯ ಮಿಕ್ಲೋಶ್ ಯಾಂಚೋ 1940ರ ದಶಕದಲ್ಲೇ ಈ ಮಂಕನ್ನು ಗಮನಿಸಿದ್ದರು. ಸರ್ಪಸುತ್ತಿನ ನಂತರ ಉಳಿಯುವ ನರನೋವಿಗೆ 8 ಶೇಕಡಾ ಕ್ಯಾಪ್ಸೈಸಿನ್ ಪ್ಯಾಚ್ ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಪಡೆಯಿತು. ಹಚ್ಚುವ ಮುಲಾಮುಗಳಲ್ಲಿ ಇರುವುದು 0.025ರಿಂದ 0.075 ಶೇಕಡಾ ಅಷ್ಟೇ. ಅವನ್ನು ದಿನಕ್ಕೆ 3-4 ಸಲ ವಾರಗಟ್ಟಲೆ ಬಿಡದೆ ಹಚ್ಚಬೇಕು, ನಡುವೆ ಬಿಟ್ಟರೆ ನರ ಚೇತರಿಸಿಕೊಂಡು ಉರಿ ಮತ್ತೆ ಮೊದಲಿನಿಂದ.

ಪ್ಯಾಚ್ ಆಸ್ಪತ್ರೆಯಲ್ಲೇ ಹಾಕುವಂಥದ್ದು. ನೈಟ್ರೈಲ್ ಗ್ಲೌಸ್ ಕಡ್ಡಾಯ, ಲೇಟೆಕ್ಸ್ ಕ್ಯಾಪ್ಸೈಸಿನ್ನನ್ನು ತಡೆಯುವುದಿಲ್ಲ. ನೋವಿನ ಜಾಗ ಗುರುತು ಮಾಡಿ, ಕೂದಲನ್ನು ಕತ್ತರಿಸಿ, ಬೋಳಿಸಬೇಡಿ. ಬ್ಲೇಡಿನ ಸಣ್ಣ ಗೀರೂ ಉರಿ ಹೆಚ್ಚಿಸುತ್ತದೆ. ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಒಡೆಯದ ಚರ್ಮದ ಮೇಲೆ 60 ನಿಮಿಷ, ಸಕ್ಕರೆ ಕಾಯಿಲೆಯ ಪಾದದ ನರನೋವಿಗೆ 30 ನಿಮಿಷ. ತೆಗೆಯುವಾಗ ಸರ್ರನೆ ಎಳೆದರೆ ಕಣಗಳು ಗಾಳಿಗೆ ಹಾರಿ ಎಲ್ಲರಿಗೂ ಕೆಮ್ಮು, ಒಳಮುಖವಾಗಿ ನಿಧಾನಕ್ಕೆ ಸುತ್ತಿಕೊಂಡು ತೆಗೆಯಿರಿ. ಜೊತೆಗೆ ಬರುವ ಕ್ಲೆನ್ಸಿಂಗ್ ಜೆಲ್ ಕನಿಷ್ಠ ಒಂದು ನಿಮಿಷ ಬಿಟ್ಟು ಒರೆಸಬೇಕು. ಉರಿಯಿಂದ ಬಿಪಿ ಏರುತ್ತದೆ, ಅಳೆಯುತ್ತಿರಬೇಕು. ಮತ್ತೆ ಹಾಕುವುದು 3 ತಿಂಗಳ ಮೇಲೆಯೇ.

ಅರ್ಚನಾ_ಬಯೋ

ಹಾಗಾದರೆ ವಿ1 ಅನ್ನೇ ಮುಚ್ಚುವ ಮಾತ್ರೆ ಕೊಟ್ಟರೆ ಇನ್ನೂ ಸುಲಭ ಅಲ್ಲವೆ ಡಾಕ್ಟ್ರೇ?

ಸಿ_ತಂತು

ಹಲವರು ಪ್ರಯತ್ನಿಸಿದರು ಮೇಡಂ. ಸೇವಿಸಿದವರ ಮೈಬಿಸಿ ಏರಿತು, ಬಿಸಿಯ ಅರಿವು ಮಂಕಾಗಿ ಸುಟ್ಟುಕೊಳ್ಳುವ ಅಪಾಯ ಬಂತು. ವಿ1 ಮೈಯ ಉಷ್ಣತೆ ಕಾಯುವ ಕೆಲಸದಲ್ಲೂ ಪಾಲುದಾರ. ಎ1ನಲ್ಲಿ ಬೇರೆ ತೊಡಕು, ಇಲಿಯದ್ದೂ ಮನುಷ್ಯನದ್ದೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಕೆಫೀನ್ ಇಲಿಯ ಎ1 ತೆರೆಯುತ್ತದೆ, ಮನುಷ್ಯನದ್ದನ್ನು ಮುಚ್ಚುತ್ತದೆ. ಮೆಂಥಾಲ್ ಹೆಚ್ಚಿನ ಪ್ರಮಾಣದಲ್ಲಿ ಇಲಿಯ ಎ1 ಮುಚ್ಚುತ್ತದೆ, ಮನುಷ್ಯನದ್ದನ್ನು ತೆರೆಯುತ್ತದೆ. ಇಲಿಯಲ್ಲಿ ಸಿಕ್ಕಿದ ಫಲಿತಾಂಶವನ್ನು ನೇರ ಮನುಷ್ಯನಿಗೆ ಹೊಂದಿಸುವವರು ಇದನ್ನು ಮೊದಲು ಓದಿಕೊಳ್ಳಬೇಕು.

ಬಿಎಸ್ಸಿ_ಜೀವಶಾಸ್ತ್ರ

ಒಂದು ರಾಸಾಯನಿಕ ವಿ1 ತೆರೆಯುತ್ತದೋ ಎ1 ತೆರೆಯುತ್ತದೋ ಎಂದು ಲ್ಯಾಬಿನಲ್ಲಿ ಪತ್ತೆ ಮಾಡುವುದು ಹೇಗೆ? ಪ್ರಾಜೆಕ್ಟಿಗೆ ಬೇಕಿತ್ತು.

ಫ್ಯೂರಾ_340

ಸಾಮಾನ್ಯ ದಾರಿ ಕ್ಯಾಲ್ಸಿಯಂ ಇಮೇಜಿಂಗ್. ಎಚ್‌ಇಕೆ293 ಎಂಬ, ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳಿಗೆ ಮಾನವ ವಿ1 ಅಥವಾ ಎ1 ಜೀನ್ ಹೊತ್ತ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ) ಹಾಕಿ 24ರಿಂದ 48 ಗಂಟೆ ಬಿಡಿ. ಪಾಲಿ-ಡಿ-ಲೈಸೀನ್ ಬಳಿದ ಕವರ್‌ಸ್ಲಿಪ್ ಮೇಲೆ ಬೆಳೆಸಿ, ಇಲ್ಲದಿದ್ದರೆ ದ್ರಾವಣ ಹರಿಸಿದಾಗ ಕೋಶಗಳೇ ಕೊಚ್ಚಿಹೋಗುತ್ತವೆ. ಕ್ಯಾಲ್ಸಿಯಂ ತೋರಿಸುವ ಬಣ್ಣ ಫ್ಯೂರಾ-2 ಎಎಂ 2ರಿಂದ 5 ಮೈಕ್ರೋಮೋಲಾರ್, ಜೊತೆಗೆ 0.02 ಶೇಕಡಾ ಪ್ಲುರಾನಿಕ್, 30-45 ನಿಮಿಷ ಕತ್ತಲಲ್ಲಿ. ತೊಳೆದು ಇನ್ನೂ 20 ನಿಮಿಷ ಸುಮ್ಮನೆ ಬಿಡಿ, ಎಸ್ಟರ್ ಕಡಿದು ಬಣ್ಣ ಒಳಗೆ ಉಳಿಯಬೇಕು. ದ್ರಾವಣದಲ್ಲಿ ಮಿಲಿಮೋಲಾರ್ ಲೆಕ್ಕದಲ್ಲಿ ಸೋಡಿಯಂ ಕ್ಲೋರೈಡ್ 140, ಪೊಟ್ಯಾಸಿಯಂ ಕ್ಲೋರೈಡ್ 5, ಕ್ಯಾಲ್ಸಿಯಂ ಕ್ಲೋರೈಡ್ 2, ಮೆಗ್ನೀಸಿಯಂ ಕ್ಲೋರೈಡ್ 1, ಗ್ಲೂಕೋಸ್ 10, ಹೆಪೀಸ್ 10, ಪಿಎಚ್ 7.4. ಬೆಳಕು 340 ಮತ್ತು 380 ನ್ಯಾನೋಮೀಟರ್, ಹೊಮ್ಮುವುದನ್ನು 510ರಲ್ಲಿ ಹಿಡಿದು 340/380 ಅನುಪಾತ ನೋಡಿ. ಒಂದು ನಿಮಿಷ ಮೂಲರೇಖೆ, ಆಮೇಲೆ ನಿಮ್ಮ ರಾಸಾಯನಿಕ, ಕೊನೆಗೆ ಕ್ಯಾಲ್ಸಿಯಂ ಒಳಬಿಡುವ ಅಯನೊಮೈಸಿನ್ ಕೊಟ್ಟು ಕೋಶ ಬದುಕಿದೆಯೇ, ಗರಿಷ್ಠ ಎಷ್ಟು ಏರುತ್ತದೆ ನೋಡಿ.

ಖಾತರಿಗೆ ವಿ1ಗೆ 1 ಮೈಕ್ರೋಮೋಲಾರ್ ಕ್ಯಾಪ್ಸೈಸಿನ್, ಎ1ಗೆ 100 ಮೈಕ್ರೋಮೋಲಾರ್ ಅಲೈಲ್ ಐಸೋಥಯೋಸಯನೇಟ್. ಪ್ಲಾಸ್ಮಿಡ್ ಹಾಕದ ಕೋಶದಲ್ಲೂ ಅದೇ ಏರಿಕೆ ಬಂದರೆ ಅದು ನಿಮ್ಮ ಚಾನೆಲ್‌ನದಲ್ಲ. ಚಾನೆಲ್ ಮುಚ್ಚುವ ಅಣುಗಳನ್ನು, ಅಂದರೆ ವಿ1ಗೆ ಕ್ಯಾಪ್ಸಜೆಪೀನ್, ಎ1ಗೆ ಎಚ್‌ಸಿ-030031 ಅಥವಾ ಎ-967079 ಕೊಟ್ಟಾಗ ಏರಿಕೆ ನಿಲ್ಲಬೇಕು.

ಹೆಚ್ಚಿನವರು ಎಡವುವುದು ಇಲ್ಲಿ. ಅಲೈಲ್ ಐಸೋಥಯೋಸಯನೇಟ್ ಆವಿಯಾಗುತ್ತದೆ, ನೀರಿನಲ್ಲಿ ಕೆಡುತ್ತದೆ. ಆ ದಿನವೇ ಫ್ಯೂಮ್ ಹುಡ್ಡಿನಲ್ಲಿ ತಯಾರಿಸಿ ಮುಚ್ಚಳ ಬಿಗಿಯಾಗಿಡಿ. ದ್ರಾವಣದಲ್ಲಿ ಡಿಟಿಟಿ, ಗ್ಲುಟಥಯೋನ್ ಅಥವಾ ಸೀರಂ ಉಳಿದಿದ್ದರೆ ಎಲೆಕ್ಟ್ರೋಫೈಲ್ ಅವುಗಳಿಗೇ ಅಂಟಿ ಮುಗಿಯುತ್ತದೆ, ನೀವು "ಎ1 ತೆರೆಯಲಿಲ್ಲ" ಎಂದು ತಪ್ಪು ಬರೆಯುತ್ತೀರಿ. ಕ್ಯಾಪ್ಸೈಸಿನ್ ಪ್ಲಾಸ್ಟಿಕ್ ನಳಿಕೆಗೆ ಅಂಟುತ್ತದೆ. ಹಿಂದಿನ ಪ್ರಯೋಗದ್ದು ಮುಂದಿನದರಲ್ಲಿ ಸೋರದಂತೆ ಎಥನಾಲಿನಲ್ಲಿ ತೊಳೆದು, ಆ ಎಥನಾಲನ್ನೂ ಪೂರ್ತಿ ಹರಿಸಿ ತೆಗೆಯಿರಿ, ಅದೂ ವಿ1 ಮುಟ್ಟುತ್ತದೆ ಎಂದು ಮೇಲೆ ಹೇಳಿದ್ದಾರೆ. ಡಿಎಂಎಸ್‌ಒ 0.1 ಶೇಕಡಾ ದಾಟಿಸಬೇಡಿ, ಹೆಚ್ಚಾದರೆ ಅದೇ ಎ1 ತೆರೆಯುತ್ತದೆ. ಒಂದು ಕವರ್‌ಸ್ಲಿಪ್‌ಗೆ ಒಂದೇ ಪ್ರಮಾಣ, ಎರಡನೆಯ ಸಲ ಕೊಟ್ಟಾಗ ಚಾನೆಲ್ ಮಂಕಾಗಿರುವುದರಿಂದ ಏರಿಕೆ ಸಣ್ಣದಾಗಿ ಕಾಣುತ್ತದೆ.

ಕೆಮಿಸ್ಟ್ರಿ_ಮೇಷ್ಟ್ರು

ಇದಕ್ಕೆ ಸೇರಿಸಿ: ಎಲೆಕ್ಟ್ರೋಫೈಲ್ ಹೌದೋ ಅಲ್ಲವೋ ಎಂಬುದನ್ನು ಸಿಸ್ಟೀನ್ ಬದಲಿಸಿದ ಎ1 ಮೇಲೂ ಪರೀಕ್ಷಿಸಿ. ಮೆಂಥಾಲಿನಂಥವು ಕೋವೇಲೆಂಟ್ ಬಂಧ ಇಲ್ಲದೆಯೂ ಎ1 ತೆರೆಯುತ್ತವೆ. "ಎ1 ತೆರೆಯಿತು, ಆದ್ದರಿಂದ ಎಲೆಕ್ಟ್ರೋಫೈಲ್" ಎಂಬ ತೀರ್ಮಾನ ನಿಲ್ಲುವುದಿಲ್ಲ.

ನರ್ಸಿಂಗ್_ವಾರ್ಡ್

ಡಾಕ್ಟ್ರೇ, ಲಿಗ್ನೊಕೇನ್ ಮರಗಟ್ಟಿಸುವ ಔಷಧ, ಅದನ್ನೇ ಚುಚ್ಚುವಾಗ ಅಷ್ಟು ಉರಿಯುವುದು ಯಾಕೆ? ಪ್ರಜ್ಞೆ ತಪ್ಪಿಸಲು ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಕೂಡ ಹಾಗೆಯೇ.

ಅರಿವಳಿಕೆ_ಡಾಕ್ಟರ್

ಇಲ್ಲಿಯವರೆಗೆ ಹೇಳಿದ್ದೇ ಅಲ್ಲೂ ನಡೆಯುವುದು ಸಿಸ್ಟರ್. ಲಿಗ್ನೊಕೇನನ್ನು ಆಮ್ಲೀಯ ದ್ರಾವಣದಲ್ಲಿ ತುಂಬಿರುತ್ತಾರೆ. ಅಡ್ರಿನಲಿನ್ ಬೆರೆಸಿದ್ದರಲ್ಲಿ ಪಿಎಚ್ 3.5ರಿಂದ 4.5ರ ಸುಮಾರಿಗೆ ಇರುತ್ತದೆ, ಅಡ್ರಿನಲಿನ್ ಕೆಡದಿರಲು. ಆ ಆಮ್ಲ ಆಸಿಕ್, ವಿ1 ತೆರೆಯುತ್ತದೆ. ಲಿಗ್ನೊಕೇನ್ ಸ್ವತಃ ವಿ1 ಮುಟ್ಟುತ್ತದೆ. ಸೋಡಿಯಂ ಚಾನೆಲ್ ಮುಚ್ಚಿ ಮರಗಟ್ಟಿಸುವುದಕ್ಕೆ ಸ್ವಲ್ಪ ಸಮಯ ಬೇಕು, ಉರಿ ಆ ನಡುವಿನದ್ದು.

10 ಮಿಲಿ 1 ಶೇಕಡಾ ಲಿಗ್ನೊಕೇನಿಗೆ 1 ಮಿಲಿ 8.4 ಶೇಕಡಾ ಸೋಡಿಯಂ ಬೈಕಾರ್ಬನೇಟ್ ಬೆರೆಸಿ, ಮೈಬಿಸಿಗೆ ತಂದು, ಸಣ್ಣ ಸೂಜಿಯಲ್ಲಿ ನಿಧಾನವಾಗಿ ಬಿಟ್ಟರೆ ಉರಿ ಗಣನೀಯವಾಗಿ ಇಳಿಯುತ್ತದೆ. ಪಿಎಚ್ ಏರಿದಾಗ ಪೊರೆ ದಾಟಬಲ್ಲ ರೂಪದ ಪಾಲೂ ಹೆಚ್ಚಿ ಬೇಗ ಹಿಡಿಯುತ್ತದೆ. ಬೈಕಾರ್ಬನೇಟ್ ಹೆಚ್ಚು ಸುರಿಯಬೇಡಿ, ಔಷಧ ತಳಕ್ಕೆ ಗಸಿಯಾಗಿ ಕೂರುತ್ತದೆ. ಸಿರಿಂಜಿನಲ್ಲಿ ಮಬ್ಬು ಕಂಡರೆ ಚುಚ್ಚದೆ ಎಸೆಯಿರಿ. ಬುಪಿವಕೇನಿಗೆ ಈ ಅಳತೆ ಹೊಂದದು, ಅದು ಇನ್ನೂ ಬೇಗ ಗಸಿಯಾಗುತ್ತದೆ.

ಪ್ರೊಪೊಫಾಲ್ ರಕ್ತನಾಳದ ಗೋಡೆಯ ನರಗಳಲ್ಲಿ ಎ1 ತೆರೆಯುತ್ತದೆ. ಮೊಣಕೈ ಮಡಿಕೆಯ ದೊಡ್ಡ ನಾಳದಲ್ಲಿ ಕೊಟ್ಟರೆ ರಕ್ತದ ಹರಿವು ಅದನ್ನು ತೆಳುವಾಗಿಸುತ್ತದೆ, ಗೋಡೆಗೆ ತಾಗುವುದು ಕಡಿಮೆ. ಕೈಬೆನ್ನಿನ ಸಣ್ಣ ನಾಳವೇ ಗತಿ ಎಂದರೆ ಮುಂಗೈ ಮೇಲೆ ಟೂರ್ನಿಕೇ (ರಕ್ತದ ಹರಿವು ತಡೆಯುವ ಪಟ್ಟಿ) ಬಿಗಿದು 40 ಮಿಲಿಗ್ರಾಂ ಲಿಗ್ನೊಕೇನ್ ಕೊಟ್ಟು, ಒಂದು ನಿಮಿಷದಷ್ಟು ಹಿಡಿದು, ಸಡಿಲಿಸಿ ಪ್ರೊಪೊಫಾಲ್ ಬಿಡಿ.

ನರ್ಸಿಂಗ್_ವಾರ್ಡ್

ಬೈಕಾರ್ಬನೇಟ್ ಬೆರೆಸಿದ್ದನ್ನು ಬೆಳಿಗ್ಗೆಯೇ ತಯಾರಿಸಿ ಇಡಬಹುದೆ?

ಅರಿವಳಿಕೆ_ಡಾಕ್ಟರ್

ಬೇಡ. ಅಡ್ರಿನಲಿನ್ ಇರುವುದಾದರೆ ಪಿಎಚ್ ಏರಿದ ಕೂಡಲೇ ಅದು ಕೆಡಲು ಶುರು. ಚುಚ್ಚುವ ಮುಂಚೆ ಬೆರೆಸಿ, ಸಿರಿಂಜಿನ ಮೇಲೆ ಲೇಬಲ್ ಬರೆದು, ಉಳಿದದ್ದನ್ನು ಅಂದೇ ಚೆಲ್ಲಿಬಿಡಿ.